ಮಡಿದ ಜರ್ಮನ್ ಸೈನಿಕನ ಸೇವಾ ದಾಖಲೆ ಓದುವುದು ಹೇಗೆ?

ಜರ್ಮನಿಯ ಹಳೆಯ ಮನೆಗಳ ಅಟ್ಟಗಳಿಂದ, ಹಳೆ ಸಾಮಾನಿನ ಸಂತೆಗಳಿಂದ ಎರಡನೇ ಮಹಾಯುದ್ಧದ ಸೈನಿಕರ ಕಾಗದಗಳು ಇಂದಿಗೂ ಹೊರಬರುತ್ತಿವೆ. 1939ರಲ್ಲಿ ಪೋಲೆಂಡಿನಲ್ಲೋ 1940ರಲ್ಲಿ ಫ್ರಾನ್ಸಿನಲ್ಲೋ ಮಡಿದವನ ಕಾಗದ ಕೈಗೆ ಸಿಕ್ಕಾಗ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಕಣ್ಣಿಗೆ ಬಿದ್ದ ದಳದ ಹೆಸರು ಹಿಡಿದು, ಆ ದಳದ ಯುದ್ಧಗಳನ್ನೆಲ್ಲ ಅವನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

1. ಕಾಗದ ಉಳಿಸಿ. ಲ್ಯಾಮಿನೇಷನ್ ಬೇಡವೇ ಬೇಡ, ಸೆಲ್ಲೋಟೇಪ್ ಕೂಡ ಬೇಡ. ಅಂಗಡಿಯ ಅಗ್ಗದ ಪಿವಿಸಿ ಕವರುಗಳು ಶಾಯಿಯನ್ನು ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಕವರನ್ನೇ ಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ಆಗಿನ ಕಚೇರಿಗಳಲ್ಲಿ ಕಾಪಿಯಿಂಗ್ ಪೆನ್ಸಿಲ್ ಬಳಕೆ ಹೆಚ್ಚು. ನೋಡಲು ಬೂದು ಬಣ್ಣದ ಆ ಬರಹಕ್ಕೆ ಒಂದು ಹನಿ ನೀರು ತಗುಲಿದರೂ ನೇರಳೆಯಾಗಿ ಹರಡಿ ಅಕ್ಷರ ಅಳಿಸಿಹೋಗುತ್ತದೆ. ಖಾಲಿ ಪುಟಗಳನ್ನೂ ಬಿಡದೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮುಂದಿನ ಕೆಲಸವೆಲ್ಲ ಸ್ಕ್ಯಾನ್ ಪ್ರತಿಯ ಮೇಲೆಯೇ ನಡೆಯಲಿ.

2. ಯಾವ ಪುಸ್ತಕ ಎಂದು ಗುರುತಿಸಿ. ವೇರ್‌ಪಾಸ್ ಸೇನಾ ಸೇವೆಯ ದಾಖಲೆ ಪುಸ್ತಕ. ಸೈನಿಕ ಕರ್ತವ್ಯದಲ್ಲಿದ್ದಾಗ ಅದು ಅವನ ದಳದ ಕಚೇರಿಯಲ್ಲಿರುತ್ತಿತ್ತು. ಅವನ ಜೇಬಿನಲ್ಲಿರುತ್ತಿದ್ದುದು ಸೋಲ್ಡ್‌ಬೂಖ್, ಅಂದರೆ ಸಂಬಳದ ಪುಸ್ತಕ ಮತ್ತು ಗುರುತಿನ ಚೀಟಿ. ಮಡಿದ ಮೇಲೆ ಕುಟುಂಬಕ್ಕೆ ಸಾಮಾನ್ಯವಾಗಿ ಮರಳುತ್ತಿದ್ದುದು ವೇರ್‌ಪಾಸ್.

3. ದಳ ಪತ್ತೆ ಮಾಡಿ. ಇಲ್ಲಿ ಆತುರ ಬೇಡ. ಸೈನಿಕ ಕೊರಳಲ್ಲಿ ಧರಿಸುತ್ತಿದ್ದ ಗುರುತಿನ ಬಿಲ್ಲೆಯ ಮೇಲೆ ಕೊರೆದಿರುವುದು ಬಿಲ್ಲೆ ಕೊಟ್ಟ ದಳದ ಹೆಸರು. ಸೈನಿಕ ಬೇರೆ ದಳಕ್ಕೆ ವರ್ಗವಾದರೂ ಬಿಲ್ಲೆ ಬದಲಾಗುತ್ತಿರಲಿಲ್ಲ. ಆದ್ದರಿಂದ ಅದರ ಮೇಲೆ ತರಬೇತಿ ದಳದ ಹೆಸರಿದ್ದರೆ ಅವನು ಸತ್ತದ್ದು ಅಲ್ಲಿ ಎಂದು ತಿಳಿಯಬೇಡಿ.

ಸೋಲ್ಡ್‌ಬೂಖ್ ಇದ್ದರೆ 4ನೇ ಪುಟ ತೆರೆಯಿರಿ. ಎ ಭಾಗದಲ್ಲಿ ಅವನನ್ನು ರಣರಂಗಕ್ಕೆ ಕಳಿಸಿದ ತರಬೇತಿ ದಳ, ಬಿ ಭಾಗದಲ್ಲಿ ರಣರಂಗದ ದಳ, ಸಿ ಭಾಗದಲ್ಲಿ ಆ ಹೊತ್ತಿಗೆ ಅವನ ಹೊಣೆ ಹೊತ್ತಿದ್ದ ತರಬೇತಿ ದಳ. ಹಳೆಯ ನಮೂದನ್ನು ಓದಲು ಬರುವಂತೆ ಗೆರೆ ಎಳೆದು ಹೊಡೆದುಹಾಕುವುದು ನಿಯಮವಾಗಿತ್ತು. ಹಾಗಾಗಿ ಬಿ ಭಾಗದಲ್ಲಿ ಹೊಡೆಯದೆ ಉಳಿದ ಕೊನೆಯ ಸಾಲೇ ನಿಮಗೆ ಬೇಕಾದದ್ದು. ಸಿ ಭಾಗದ ಹೆಸರು ದಪ್ಪ ಮೊಹರಿನಲ್ಲಿ ಎದ್ದು ಕಾಣುವುದರಿಂದ ಜನ ಅದನ್ನೇ ಬರೆದುಕೊಂಡು ಮೋಸಹೋಗುತ್ತಾರೆ.

ಸಂಕ್ಷೇಪಗಳಿಗೂ ಲೆಕ್ಕವಿದೆ. ‘5./ಐ.ಆರ್. 19’ ಎಂದಿದ್ದರೆ 19ನೇ ಪದಾತಿ ರೆಜಿಮೆಂಟಿನ 5ನೇ ಕಂಪನಿ. ಮೊದಲಿಗೆ ರೋಮನ್ ಅಂಕಿ ಇದ್ದರೆ ಅದು ಬೆಟಾಲಿಯನ್. 1ರಿಂದ 4 ಮೊದಲ ಬೆಟಾಲಿಯನ್ನಿನ ಕಂಪನಿಗಳು, 5ರಿಂದ 8 ಎರಡನೆಯದರವು, 9ರಿಂದ 12 ಮೂರನೆಯದರವು. 13 ಪದಾತಿ ಫಿರಂಗಿಯದು, 14 ಟ್ಯಾಂಕ್ ನಿರೋಧಕ ಕಂಪನಿ. 19ನೇ ರೆಜಿಮೆಂಟ್ ಮ್ಯೂನಿಕ್ಕಿನ 7ನೇ ಡಿವಿಷನ್ನಿಗೆ ಸೇರಿತ್ತು. ಡಿವಿಷನ್ ತಿಳಿದರೆ ಅವನಿದ್ದ ರಣರಂಗದ ಭಾಗ ತಿಳಿದಂತೆ. ಮೊಹರಿನಲ್ಲಿ ದಳದ ಹೆಸರಿಲ್ಲದೆ ಫೆಲ್ಡ್‌ಪೋಸ್ಟ್‌ನ, ಅಂದರೆ ಸೇನಾ ಅಂಚೆಯ, ಐದಂಕಿ ಸಂಖ್ಯೆ ಮಾತ್ರ ಇದ್ದರೆ, ಮೊಹರು ಬಿದ್ದ ತಾರೀಕನ್ನೂ ಜೊತೆಗಿಟ್ಟು ಆ ಸಂಖ್ಯೆಗಳ ಪಟ್ಟಿಯಲ್ಲಿ ನೋಡಿ. ಅದೇ ಸಂಖ್ಯೆ ಮುಂದೆ ಬೇರೆ ದಳಕ್ಕೆ ಹೋಗಿರಬಹುದು.

ಕೈಬರಹ ಹೆಚ್ಚಾಗಿ ಕುರೆಂಟ್ ಅಥವಾ ಸ್ಯೂಟರ್ಲಿನ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿರುತ್ತದೆ. ಅದರಲ್ಲಿ ಚಿಕ್ಕ ‘ಇ’ (e) ನೋಡಲು ‘ಎನ್’ (n) ಥರವೇ ಇರುತ್ತದೆ, ‘ಯು’ (u) ಮೇಲೆ ಒಂದು ಕೊಕ್ಕೆ. ಫೋನಿನ ಅನುವಾದ ಆ್ಯಪನ್ನು ಈ ಕೆಲಸಕ್ಕೆ ನಂಬಬೇಡಿ. ಅದೇ ಕೈಬರಹದಲ್ಲಿರುವ ತಿಂಗಳ ಹೆಸರುಗಳನ್ನು ಮೊದಲು ಓದಿ, ಅವುಗಳಿಂದ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ. ಊರು, ಹೆಸರುಗಳನ್ನು ಕೊನೆಗೆ ಓದಿ.

4. ಅಸಲಿಯೇ ನೋಡಿ. ಮಡಿದವರ ಕಾಗದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು, ನಕಲಿಯೂ ಹೆಚ್ಚು. ಸೋಲ್ಡ್‌ಬೂಖ್‌ಗೆ ಫೋಟೋ ಅಂಟಿಸುವ ಆದೇಶ ಬಂದದ್ದು 1943ರಲ್ಲಿ. 1940ರಲ್ಲಿ ಸತ್ತವನ ಪುಸ್ತಕದಲ್ಲಿ ಫೋಟೋ ಇದ್ದರೆ ಅನುಮಾನಿಸಿ. ಪದಾತಿ ರೆಜಿಮೆಂಟುಗಳಿಗೆ ‘ಗ್ರೆನೇಡಿಯರ್’ ಎಂಬ ಹೆಸರು ಬಂದದ್ದು 1942ರ ಅಕ್ಟೋಬರಿನಲ್ಲಿ. 1939ರ ನಮೂದಿನಲ್ಲಿ ಸಾಮಾನ್ಯ ಪದಾತಿ ರೆಜಿಮೆಂಟಿಗೆ ಆ ಹೆಸರು ಕಂಡರೆ ಯಾರೋ ಆಮೇಲೆ ಬರೆದದ್ದು. ವೇರ್‌ಪಾಸಿನ ಫೋಟೋ ಮೇಲಿನ ಮೊಹರು ಪುಟದ ಮೇಲೂ ಮುಂದುವರಿದಿರಬೇಕು. ಗೆರೆ ಕೂಡದಿದ್ದರೆ ಫೋಟೋ ಬದಲಾಗಿದೆ.

5. ಅರ್ಜಿ ಹಾಕಿ. 1939ರಲ್ಲಿ ಸ್ಥಾಪನೆಯಾದ ಸೇನಾ ಮಾಹಿತಿ ಕಚೇರಿಯ ದಾಖಲೆಗಳು 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹವಾದ ಬುಂಡೆಸ್‌ಆರ್ಖಿವ್ ವಶದಲ್ಲಿವೆ, ಬರ್ಲಿನ್ನಿನಲ್ಲಿ. ಗುರುತಿನ ಬಿಲ್ಲೆಗಳ ಪಟ್ಟಿ, ಸಾವು ನೋವಿನ ವರದಿಗಳು ಅಲ್ಲಿ ಸಿಗುತ್ತವೆ. ಪೂರ್ಣ ಹೆಸರು, ಹುಟ್ಟಿದ ದಿನ, ಹುಟ್ಟೂರು, ಬಿಲ್ಲೆಯ ಬರಹ ನಾಲ್ಕನ್ನೂ ಕೊಡಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಜರ್ಮನ್ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆಯ ಆನ್‌ಲೈನ್ ಸಮಾಧಿ ಪಟ್ಟಿಯಲ್ಲಿ ಹುಡುಕಿ. ಉಮ್ಲೌಟ್, ಅಂದರೆ ಅಕ್ಷರದ ಮೇಲೆ ಎರಡು ಚುಕ್ಕಿ (ü ಥರ) ಇರುವ ಹೆಸರನ್ನು ಚುಕ್ಕಿಯೊಂದಿಗೂ, ಚುಕ್ಕಿಯ ಬದಲು ‘ಇ’ (e) ಅಕ್ಷರ ಸೇರಿಸಿಯೂ ಹಾಕಿ ನೋಡಿ. ಯುದ್ಧದ ನಂತರ ಚದುರಿದ ಸಮಾಧಿಗಳನ್ನು ದೊಡ್ಡ ಸ್ಮಶಾನಗಳಿಗೆ ಒಟ್ಟುಗೂಡಿಸಿದ್ದರಿಂದ, ಸತ್ತ ಊರಿಗೂ ಸ್ಮಶಾನದ ಊರಿಗೂ ತಾಳೆಯಾಗದಿದ್ದರೆ ಅವನು ಬೇರೆಯವನೆಂದು ಬಿಟ್ಟುಬಿಡಬೇಡಿ. ಹುಟ್ಟಿದ ದಿನ, ಸತ್ತ ದಿನ ಎರಡನ್ನೂ ಹೋಲಿಸಿ ನೋಡಿ.