ಟ್ಯಾಪೆಟ್ ಸೌಂಡ್ ಬಂದರೆ ಮೊದಲು ಅಳೆಯಿರಿ, ಆಮೇಲೆ ಬಿಗಿಯಿರಿ

ಆಟೋಕ್ರಾಸ್ ಅನ್ನುವ ಕಾರ್ ರೇಸ್‌ಗೆ ಅಂತ ಹಳೆಯ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ಆ ಗಾಡಿಗಳಲ್ಲಿ ಟಿಕ್ ಟಿಕ್ ಶುರುವಾದ ಕೂಡಲೇ ಟ್ಯಾಪೆಟ್ (ವಾಲ್ವ್ ಒತ್ತಿ ತೆರೆಯುವ ಭಾಗ) ಮೇಲಿನ ಕವರ್ ಬಿಚ್ಚಿ, ಸಡಿಲ ಕಂಡ ನಟ್ ಬಿಗಿದು ಮುಚ್ಚಿಬಿಡುತ್ತಾರೆ. ಸೌಂಡ್ ಹೋಗುತ್ತದೆ, ನಿಜ. ಯಾಕೆ ಸಡಿಲ ಆಯಿತು ಅನ್ನುವ ಗುರುತೂ ಅದರ ಜೊತೆಗೇ ಹೋಗುತ್ತದೆ.

ಮೊದಲು ಆಯಿಲ್ ಎಷ್ಟಿದೆ ನೋಡಿ. ಮಾಕುಟ್ಟ ಘಾಟಿಯಲ್ಲಿ ತಿರುವಿನ ಮೇಲೆ ತಿರುವು. ಆಯಿಲ್ ಕಡಿಮೆ ಇದ್ದರೆ ಅದು ಸಂಪ್‌ನ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಆಗ ವಾಲ್ವ್‌ಗಳಿರುವ ಮೇಲಿನ ಹೆಡ್‌ಗೆ ಆಯಿಲ್ ಸರಿಯಾಗಿ ಹೋಗಲ್ಲ. ಆಮೇಲೆ ಸೌಂಡ್ ನಿಜವಾಗಿ ಟ್ಯಾಪೆಟ್‌ನದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ವಾಲ್ವ್ ತೆರೆಸುವ ಕ್ಯಾಮ್ ತಿರುಗೋದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಹಾಗಾಗಿ ಟ್ಯಾಪೆಟ್ ಸೌಂಡ್ ಕೂಡ ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಬರುತ್ತದೆ. ಉದ್ದ ಸ್ಕ್ರೂಡ್ರೈವರ್‌ನ ತುದಿ ಕವರ್ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟರೆ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ (ಬೆಲ್ಟ್, ಫ್ಯಾನ್ ಹತ್ತಿರ ಹುಷಾರು). ಪೆಟ್ರೋಲ್ ಸಿಂಪಡಿಸುವ ಒಂದೊಂದೇ ಇಂಜೆಕ್ಟರ್‌ನ ವೈರ್ ಕಳಚಿ ನೋಡಿ. ಸೌಂಡ್ ಒಮ್ಮೆಲೇ ಇಳಿದರೆ ತೊಂದರೆ ಕೆಳಗಿನ ಬೇರಿಂಗ್‌ನಲ್ಲಿ ಇರಬಹುದು, ಗಾಡಿ ಓಡಿಸಬೇಡಿ. ಟ್ಯಾಪೆಟ್ ಆದರೆ ಹೆಚ್ಚು ಬದಲಾಗಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಕೂಡ ಇದೇ ಥರ ಟಿಕ್ ಅನ್ನುತ್ತದೆ, ಆದರೆ ಬಿಸಿಯಾದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಎಂಜಿನ್ ರಾತ್ರಿಯಿಡೀ ತಣ್ಣಗಾಗಲಿ. ಬೆಳಿಗ್ಗೆ ಶೆಡ್‌ನ ಒಳಗೇ ಕವರ್ ಬಿಚ್ಚಿ. ನಮ್ಮ ಮಳೆಯಲ್ಲಿ ಹೊರಗೆ ಬಿಚ್ಚುವ ಮಾತೇ ಇಲ್ಲ. ಸ್ಪಾನರ್ ಮುಟ್ಟುವ ಮೊದಲು ಹದಿನಾರೂ ವಾಲ್ವ್‌ಗಳ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ತೋಳು, ಅಂದರೆ ರಾಕರ್‌ನ ಸ್ಕ್ರೂಗೂ ನಡುವಿನ ಸಂದು) ಫೀಲರ್ ಗೇಜ್ ಅನ್ನುವ ತೆಳು ಲೋಹದ ಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಒಂದನೇ ಸಿಲಿಂಡರ್ ಕಂಪ್ರೆಷನ್ ಟಾಪ್‌ಗೆ (ವಾಲ್ವ್‌ಗಳೆಲ್ಲ ಮುಚ್ಚಿ ಪಿಸ್ಟನ್ ತುತ್ತತುದಿಗೆ ಬಂದ ಸ್ಥಿತಿ) ತಂದು ಅದನ್ನು ಅಳೆಯಿರಿ, ಆಮೇಲೆ ಕ್ರ್ಯಾಂಕನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ 3, 4, 2. ಪುಲ್ಲಿ ಕಡೆಯಿಂದ ನೋಡಿದರೆ ಈ ಎಂಜಿನ್ ತಿರುಗೋದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ನೀವೂ ಹಾಗೇ ತಿರುಗಿಸಿ. ಇಂಟೇಕ್‌ಗೆ 0.18ರಿಂದ 0.22 ಮಿಲಿಮೀಟರ್, ಎಕ್ಸಾಸ್ಟ್‌ಗೆ 0.23ರಿಂದ 0.27. ಕ್ಯಾಮ್ ಬದಲಿಸಿದ್ದರೆ ಈ ಲೆಕ್ಕ ನಡೆಯಲ್ಲ, ಆ ಕ್ಯಾಮ್ ಜೊತೆ ಕೊಟ್ಟ ಅಳತೆಯೇ ಬೇಕು.

ಬರೆದಿಟ್ಟ ಆ ಚೀಟಿಯಲ್ಲೇ ಅರ್ಧ ಉತ್ತರ ಇರುತ್ತದೆ. ಒಂದೇ ವಾಲ್ವ್‌ನ ಗ್ಯಾಪ್ ಜಾಸ್ತಿ ಆಗಿದ್ದರೆ ಅಲ್ಲಿನ ಲಾಕ್ ನಟ್ ಸಡಿಲ ಆಗಿರಬಹುದು, ಇಲ್ಲಾ ಅಡ್ಜಸ್ಟಿಂಗ್ ಸ್ಕ್ರೂನ ತುದಿ, ಕ್ಯಾಮ್ ತಾಗುವ ರಾಕರ್‌ನ ಮುಖ ಸವೆದಿರಬಹುದು. ಒಂದೇ ಸಾಲಿನಲ್ಲಿ ಅಕ್ಕಪಕ್ಕದ ಹಲವು ಹೆಚ್ಚಿದ್ದರೆ ರಾಕರ್ ಶಾಫ್ಟ್‌ನ ಬೋಲ್ಟ್ ಸಡಿಲ ಇದೆಯಾ ನೋಡಿ. ಗ್ಯಾಪ್ ಕಮ್ಮಿಯಾಗಿದ್ದರೆ? ಅದು ಸೌಂಡ್ ಮಾಡಲ್ಲ, ಆದರೆ ನನಗೆ ಅದೇ ಜಾಸ್ತಿ ಭಯ. ವಾಲ್ವ್ ಸೀಟ್ ಒಳಗೆ ಇಳಿಯುತ್ತಿರಬಹುದು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಸ್ಕ್ರೂ ತಾಗುವ ಕಡೆ ವಾಲ್ವ್‌ನ ತುದಿ ಸವೆದು ಗುಂಡಿ ಬಿದ್ದಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಪಟ್ಟಿ ಗುಂಡಿಯ ಅಂಚುಗಳ ಮೇಲೆ ಕೂತುಬಿಡುತ್ತದೆ, ಗ್ಯಾಪ್ ಸರಿ ಇದೆ ಅನಿಸುತ್ತದೆ, ಸೌಂಡ್ ಮಾತ್ರ ಹೋಗಲ್ಲ. ರಾಕರನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ, ಪಕ್ಕಕ್ಕೂ ಅಲ್ಲಾಡಿಸಿ. ಇಂಟೇಕ್ ಕಡೆ ಪ್ರತಿ ಸಿಲಿಂಡರ್‌ಗೂ ಮೂರು ರಾಕರ್ ಇರುತ್ತವೆ. ಆ ಸಿಲಿಂಡರ್ ಟಾಪ್‌ನಲ್ಲಿರುವಾಗ ನಡುವಿನದನ್ನು ಬೆರಳಿಂದ ಒತ್ತಿದರೆ ಅದು ಒಂದೇ ಅಲುಗಬೇಕು, ಅಕ್ಕಪಕ್ಕದ್ದು ಅಲ್ಲ. ಅದರ ಕೆಳಗಿನ ಸ್ಪ್ರಿಂಗ್ ಭಾಗ ಸಿಕ್ಕಿಕೊಂಡರೂ ಟಿಕ್ ಟಿಕ್ ಬರುತ್ತದೆ. ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ.

ಇನ್ನು ಓಡಿಸಿದವರನ್ನು ಕೇಳಬೇಕು. ಇಳಿಜಾರಿನಲ್ಲಿ ನಾಲ್ಕಕ್ಕೆ ಹಾಕಬೇಕಾದ ಗೇರ್ ಎರಡಕ್ಕೆ ಬಿತ್ತಾ ಅಂತ. ಎಂಜಿನ್ ವೇಗ ಮಿತಿ ಮೀರದಂತೆ ತಡೆಯೋ ರೆವ್ ಲಿಮಿಟರ್ ಇದೆ ಅಲ್ವಾ ಅಂತಾರೆ. ಅದು ಪೆಟ್ರೋಲ್ ನಿಲ್ಲಿಸಬಹುದು ಅಷ್ಟೇ, ಚಕ್ರವೇ ಎಂಜಿನನ್ನು ತಿರುಗಿಸುವಾಗ ಅದೇನು ಮಾಡೀತು? ಆ ವೇಗಕ್ಕೆ ವಾಲ್ವ್ ಸ್ಪ್ರಿಂಗ್ ಸಾಲದೆ ರಾಕರ್ ಕ್ಯಾಮ್ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ. ನಟ್ ಸಡಿಲ ಆಗೋದು, ಸ್ಪ್ರಿಂಗ್ ಮುರಿಯೋದು, ವಾಲ್ವ್ ಬಾಗೋದು ಎಲ್ಲಾ ಇದರಿಂದ ಆಗಬಹುದು. ಹಾಗೇನಾದರೂ ಆಗಿದ್ದರೆ ಕವರ್ ಮುಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್, ಸಾಧ್ಯವಾದರೆ ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್ ಡೌನ್ ಟೆಸ್ಟ್ ಮಾಡಿಸಿಯೇ ಮುಂದಿನ ಮಾತು.

ಕಾರಣ ಸಿಕ್ಕ ಮೇಲೆ ಸೆಟ್ಟಿಂಗ್ ಸುಲಭ. ಸ್ಕ್ರೂ ಅಲುಗದಂತೆ ಹಿಡಿದು 10 ಎಂಎಂ ಸ್ಪಾನರ್‌ನಿಂದ ನಟ್ ಬಿಗಿಯಿರಿ, ಟಾರ್ಕ್ 20 ನ್ಯೂಟನ್ ಮೀಟರ್. ಬಿಗಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು, ಬಿಗಿಯುವಾಗಲೇ ಗ್ಯಾಪ್ ಬದಲಾಗಿರುತ್ತದೆ. ಅದೇ ನಟ್ ಎರಡನೇ ಸಲ ಸಡಿಲವಾದರೆ ಸ್ಕ್ರೂ, ನಟ್ ಎರಡನ್ನೂ ಹೊಸದು ಹಾಕಿ. ನಟ್ ಸಡಿಲವಾಗದಂತೆ ಹಿಡಿಯುವ ಅಂಟು ಲಾಕ್‌ಟೈಟ್ ಹಚ್ಚಿ ಕೈ ತೊಳೆದುಕೊಳ್ಳೋದು ನನಗೆ ಸರಿ ಕಾಣಲ್ಲ. ಮುಂದಿನ ಆಯಿಲ್ ಚೇಂಜ್‌ಗೆ ಹಳೆಯ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಕಬ್ಬಿಣದ್ದು, ಕ್ಯಾಮ್ ಮತ್ತು ರಾಕರ್‌ಗಳನ್ನು ಮತ್ತೆ ಬಿಚ್ಚಿ ನೋಡಬೇಕು.