ತಾಯಿ ಕಾರ್ಡ್, ಒಂದು ನಿಮಿಷ, ಆಮೇಲೆ ಟ್ಯಾಬ್

ಮಗುವಿನ ವಯಸ್ಸಿನಿಂದಲೇ ಶುರು ಮಾಡ್ತೀನಿ, ನಾನು ಎಡವಿದ್ದು ಅಲ್ಲೇ. 2023ರ ಅಕ್ಟೋಬರ್ 20, ನವರಾತ್ರಿ ಹೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಮ್ಮು ಅಂತ ಒಂದು ಮಗು ಬಂತು. ‘ವರ್ಷ ತುಂಬಿತಾ?’ ಅಂತ ಕೇಳಿದೆ. ‘ಇಲ್ಲ ಸಿಸ್ಟರೇ, ಹೋದ ವರ್ಷ ಭೂಮಿ ಹುಣ್ಣಿಮೆ ದಿನ ಹುಟ್ಟಿದ್ದು, ಈ ಸಲದ್ದು ಇನ್ನೂ ಬಂದಿಲ್ವಲ್ಲ’ ಅಂದಳು ತಾಯಿ. ಕಾಯಿಲೆ ಮಕ್ಕಳನ್ನು ನೋಡುವಾಗ ಒಂದೊಂದೇ ಪ್ರಶ್ನೆ ಕೇಳಿ ಏನು ಮಾಡಬೇಕು ಅಂತ ಹೇಳುವ ಟ್ಯಾಬ್ ನಮಗೆ ಕೊಟ್ಟಿದ್ದಾರೆ, ಅದರಲ್ಲಿ 11 ತಿಂಗಳು ಅಂತ ಒತ್ತಿದೆ. ಉಸಿರು ಎಣಿಸಿದೆ, 46. ಪರದೆ ಹಸಿರಾಯ್ತು: ನೆಗಡಿ-ಕೆಮ್ಮು, ಮನೆ ಆರೈಕೆ ಸಾಕು. ಕಳಿಸಿಬಿಟ್ಟೆ.

ಹೋಗುವಾಗ ಅಜ್ಜಿ ಮುಂದಿನ ಚುಚ್ಚುಮದ್ದು ಯಾವಾಗ ಅಂತ ಕೇಳಲು ಚೀಲದಿಂದ ತಾಯಿ ಕಾರ್ಡ್ ತೆಗೆದರು. ಹುಟ್ಟಿದ ದಿನ 9-10-2022. 2023ರಲ್ಲಿ ಅಧಿಕ ಮಾಸ ಬಂದಿತ್ತು, ಭೂಮಿ ಹುಣ್ಣಿಮೆ ಅಕ್ಟೋಬರ್ 28ಕ್ಕೆ ಹೋಗಿತ್ತು. ತಾಯಿ ಸುಳ್ಳು ಹೇಳಿರಲಿಲ್ಲ, ಪಂಚಾಂಗವೂ ತಪ್ಪಿರಲಿಲ್ಲ. ಆದರೆ ಮಗುವಿಗೆ ವರ್ಷ ತುಂಬಿ 11 ದಿನ ಆಗಿತ್ತು. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಉಸಿರು ಅಥವಾ ಮೇಲೆ ಬಂದರೆ ‘ವೇಗ’; ವರ್ಷ ತುಂಬಿದ ಮೇಲೆ 40ಕ್ಕೇ ‘ವೇಗ’. ಅದೇ 46, ಒಂದು ಕಡೆ ನೆಗಡಿ, ಇನ್ನೊಂದು ಕಡೆ ನ್ಯುಮೋನಿಯಾ. ಬಸ್ ಸ್ಟಾಪಿಗೆ ಓಡಿ ಕರೆದುಕೊಂಡು ಬಂದೆ. ಡಾಕ್ಟರ್ ನೋಡಿ ಅಮಾಕ್ಸಿಸಿಲಿನ್ ಶುರು ಮಾಡಿದರು. ಮಗು ಚೆನ್ನಾಗಾಯ್ತು.

ಹೊಸದಾಗಿ ಟ್ಯಾಬ್ ಕೈಗೆ ಬಂದಿರುವ ಸಿಸ್ಟರ್‌ಗಳಿಗೆ, ಸಿಎಚ್‌ಒಗಳಿಗೆ (ಸಮುದಾಯ ಆರೋಗ್ಯ ಅಧಿಕಾರಿಗಳಿಗೆ) ಇದನ್ನು ಬರೀತಿರೋದು. ಮೊದಲ ಮಾತು: ತಾಯಿ ಕಾರ್ಡ್ ಮೇಜಿನ ಮೇಲೆ ಬರುವವರೆಗೆ ವಯಸ್ಸಿನ ಜಾಗಕ್ಕೆ ಬೆರಳು ಇಡಬೇಡಿ. ‘ವಯಸ್ಸು ಅಂದಾಜು’ ಅನ್ನೋ ಗುಂಡಿ ಇರುತ್ತೆ, ಅದನ್ನು ಕಾರ್ಡೇ ಇಲ್ಲದವರಿಗೆ ಮಾತ್ರ ಬಳಸಿ.

ಈ ಟ್ಯಾಬ್‌ನೊಳಗೆ ದೊಡ್ಡ ಮಾಯೆ ಏನೂ ಇಲ್ಲ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡಿದ ಐಎಂಸಿಐ ಚಾರ್ಟ್, ಅಂದರೆ ಕಾಯಿಲೆ ಮಕ್ಕಳನ್ನು ಹಂತಹಂತವಾಗಿ ನೋಡುವ ಪಟ್ಟಿ, ನಮ್ಮಲ್ಲಿ ನವಜಾತ ಶಿಶುವನ್ನೂ ಸೇರಿಸಿ ಐಎಂಎನ್‌ಸಿಐ ಆಯ್ತು. ಗುಲಾಬಿ ಅಂದರೆ ತಕ್ಷಣ ಕಳಿಸು, ಹಳದಿ ಅಂದರೆ ಇಲ್ಲೇ ಔಷಧಿ, ಹಸಿರು ಅಂದರೆ ಮನೆ ಆರೈಕೆ. ತರಬೇತಿಯಲ್ಲಿ ಕೊಟ್ಟ ಆ ಚಾರ್ಟ್ ಪುಸ್ತಕ ಎಷ್ಟೋ ಕಡೆ ಬೀರುವಿನಲ್ಲಿ ಗೆದ್ದಲು ಹಿಡಿದಿದೆ. ಟ್ಯಾಬ್ ಅದನ್ನೇ ಒಂದೊಂದು ಪ್ರಶ್ನೆಯಾಗಿ ಕೇಳುತ್ತೆ, ಒಂದನ್ನೂ ಹಾರಿಸಲು ಬಿಡಲ್ಲ, ತೂಕ ನೋಡಿ ಔಷಧಿ ಲೆಕ್ಕ ಹಾಕಿಕೊಡುತ್ತೆ. ಮಗುವನ್ನು ನೋಡೋದು ಮಾತ್ರ ನಮ್ಮ ಕೆಲಸ, ಟ್ಯಾಬಿಗೆ ಕಣ್ಣಿಲ್ಲ.

ಉಸಿರು ಎಣಿಸೋದು ಹೇಗೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಎಲ್ಲರೂ ಅಡ್ಡದಾರಿ ಹಿಡಿಯೋದು ಇಲ್ಲೇ. ಮಗು ತಾಯಿ ಮಡಿಲಲ್ಲೇ ಇರಲಿ, ಮಂಚಕ್ಕೆ ಎತ್ತಬೇಡಿ. ಥರ್ಮಾಮೀಟರು, ಕಿವಿ, ಗಂಟಲು ಎಲ್ಲ ಆಮೇಲೆ. ಒಮ್ಮೆ ಅಳಿಸಿದಿರೋ, ಕಾಲು ಗಂಟೆ ಹೋಯ್ತು. ಹಾಲು ಕುಡಿಯುವಾಗಲೂ ಎಣಿಸಬಾರದು. ಆಷಾಢದಲ್ಲಿ ಬರುವ ಮಗು ಅಂದರೆ ಕುಲಾವಿ, ಎರಡು ಸ್ವೆಟರ್, ಮೇಲೊಂದು ಶಾಲು. ‘ತಂಡಿ ಆಗುತ್ತೆ’ ಅಂತ ಅಜ್ಜಿ ಬೈತಾರೆ, ಬೈಸಿಕೊಳ್ಳಿ. ಬಾಗಿಲು ಹಾಕಿ, ಅಂಗಿಯನ್ನು ಎದೆವರೆಗೆ ಎತ್ತಿ, ಹೊಟ್ಟೆ ಮತ್ತು ಪಕ್ಕೆಯ ಕೊನೆ ಸೇರುವ ಜಾಗ ಕಾಣಬೇಕು. ಟ್ಯಾಬ್‌ನಲ್ಲಿ ಒಂದು ನಿಮಿಷದ ಗಡಿಯಾರ ಇದೆ. ಕೆಲವದರಲ್ಲಿ ಒಂದೊಂದು ಉಸಿರಿಗೂ ಪರದೆ ತಟ್ಟಬೇಕು. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಎಣಿಸಿ.

ಹಾಗೇ ಇನ್ನೊಂದು ನೋಡಿ. ಮಗು ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಾ? ನಮ್ಮ ಕಡೆ ‘ಪಕ್ಕೆ ಹೊಡ್ಕೊಳ್ತಿದೆ’ ಅಂತಾರಲ್ಲ, ಅದು. ತಾಯಿ ಆ ಮಾತು ಆಡಿದರೆ ನಂಬಿ, ಆಮೇಲೆ ನೀವೇ ಕಣ್ಣಿಂದ ನೋಡಿ.

ಪ್ರಶ್ನೆಗಳನ್ನು ಪರದೆಯಲ್ಲಿ ಇದ್ದ ಹಾಗೇ ಓದಬೇಡಿ. ‘ಫಿಟ್ಸ್ ಬಂದಿತ್ತಾ?’ ಅಂದರೆ ‘ಇಲ್ಲ’ ಅಂತಾರೆ. ‘ಬಾಲಗ್ರಹ ಆಗಿತ್ತಾ, ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತ್ತಾ?’ ಅಂದರೆ ಅದೇ ತಾಯಿ ‘ಹೌದು, ಬೆಳಗ್ಗೆ, ಅದಕ್ಕೇ ಮೊದಲು ತಾಯಿತ ಕಟ್ಟಿಸಿಕೊಂಡು ಬಂದ್ವಿ’ ಅಂತಾಳೆ. ‘ಮಂಪರು ಇದೆಯಾ’ ಅಂದರೆ ‘ನಿದ್ದೆ ಮಾಡ್ತಿದೆ’ ಅಂತ ಉತ್ತರ. ಎಬ್ಬಿಸಿ ನೋಡಿ. ಕುಡಿಯುತ್ತಾ ಅನ್ನೋದನ್ನು ಕೇಳೋದಕ್ಕಿಂತ ಎದುರಿಗೇ ಎದೆ ಕೊಡಿಸಿ, ದೊಡ್ಡ ಮಗುವಾದರೆ ಚಮಚದಲ್ಲಿ ನೀರು ಕೊಡಿ. ಕುಡಿಯಲಾಗದು, ಕುಡಿದದ್ದೆಲ್ಲ ವಾಂತಿ, ಸೆಟೆತ, ಎಚ್ಚರ ತಪ್ಪಿದ ಹಾಗಿರೋದು: ಈ ನಾಲ್ಕರಲ್ಲಿ ಒಂದಿದ್ದರೂ ಪರದೆ ಗುಲಾಬಿ ಆಗುತ್ತೆ, ಆಗಲೇಬೇಕು.

ಪಲ್ಸ್ ಆಕ್ಸಿಮೀಟರ್ (ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಕ್ಲಿಪ್) ಕೊಟ್ಟಿದ್ದರೆ, ಮಳೆಗಾಲದಲ್ಲಿ ಅದು ನಿಮ್ಮನ್ನು ಹೆದರಿಸುತ್ತೆ. ತಣ್ಣಗಿನ ಬೆರಳಿಗೆ ಹಾಕಿದರೆ 84 ತೋರಿಸಿ ಕೈಕಾಲು ನಡುಗಿಸುತ್ತೆ. ಕಾಲಿನ ಹೆಬ್ಬೆರಳನ್ನು ತಾಯಿಯ ಅಂಗೈಯಲ್ಲಿ ಎರಡು ನಿಮಿಷ ಬೆಚ್ಚಗೆ ಇಟ್ಟು, ಮಕ್ಕಳ ಕ್ಲಿಪ್ಪೇ ಹಾಕಿ, ನಾಡಿಯ ಅಲೆ ಒಂದೇ ಸಮ ಬರುವ ತನಕ ಕಾಯಿರಿ. ಆಗಲೂ 90ಕ್ಕಿಂತ ಕಡಿಮೆ ಇದ್ದರೆ ಮಾತಿಲ್ಲ, ಆಕ್ಸಿಜನ್ ಹಾಕಿ, 108 ಕರೆಯಿರಿ.

ತೂಕಕ್ಕೂ ಅದೇ ಸ್ವೆಟರಿನ ಕಥೆ. ಬಿಚ್ಚಿಸಿ. ಟ್ಯಾಬ್ ಲೆಕ್ಕವೆಲ್ಲ ತೂಕದ ಮೇಲೇ ನಿಂತಿದೆ. ಭೇದಿಯಾಗಿ ಕಣ್ಣು ಗುಳಿಬಿದ್ದು, ಕಿರಿಕಿರಿ ಮಾಡುತ್ತಾ, ನೀರು ಕಂಡರೆ ಬಾಯಿ ಹಾಕುವ ಮಗುವಿಗೆ ಕೆಜಿಗೆ 75 ಎಂ.ಎಲ್. ಓಆರ್‌ಎಸ್, ನಾಲ್ಕು ಗಂಟೆಯಲ್ಲಿ. ಅಂದರೆ 8 ಕೆಜಿ ಮಗುವಿಗೆ 600 ಎಂ.ಎಲ್. ಪರದೆ ‘ಒಂದು ಲೀಟರಿಗೆ ಒಂದು ಪೊಟ್ಟಣ’ ಅಂತ ಹೇಳಿ ಸುಮ್ಮನಾಗುತ್ತೆ. ಮನೆಯಲ್ಲಿ ತಂಬಿಗೆ ಲೆಕ್ಕ, ಒಂದೊಂದು ಮನೆಯ ತಂಬಿಗೆ ಒಂದೊಂದು ಅಳತೆ. ನಾನು ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳನ್ನು ತೊಳೆದು ಇಟ್ಟುಕೊಂಡಿದ್ದೀನಿ, ಪೊಟ್ಟಣದ ಜೊತೆ ಅದನ್ನೂ ಕೊಡ್ತೀನಿ. ಜಿಂಕ್ 14 ದಿನ, ಆರು ತಿಂಗಳ ಮೇಲೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿಗೆ ಅದರ ಅರ್ಧ. ಭೇದಿ ನಿಂತ ದಿನವೇ ಮಾತ್ರೆ ನಿಲ್ಲಿಸೋದು ರೂಢಿ, ಅದನ್ನು ಎರಡು ಸಲ ಹೇಳಿ.

ಹಸಿರು ಪರದೆ ಬಂದಾಗ ನಿಜವಾದ ಕಷ್ಟ ಶುರು. ‘ಎಂತ ಸಿಸ್ಟರೇ, ಇಷ್ಟು ದೂರ ಬಂದ್ರೆ ಬರೀ ಪ್ಯಾರಾಸಿಟಮಾಲಾ?’ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಿದರೆ ಇಬ್ಬರಿಗೂ ನೆಮ್ಮದಿ, ನನಗೂ ಹಾಗೇ ಅನಿಸುತ್ತಿತ್ತು. ತಾಂಜಾನಿಯಾದಲ್ಲಿ ಇಂಥದ್ದೇ ಒಂದು ಸಾಧನವನ್ನು, ಇಪಾಕ್ಟ್ ಪ್ಲಸ್ ಅಂತ, 40 ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯ್ತು. ಎಂದಿನಂತೆ ನೋಡಿದ ಕಡೆ ನೂರು ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಆ್ಯಂಟಿಬಯೋಟಿಕ್. ಸಾಧನ ಬಳಸಿದ ಕಡೆ ಸುಮಾರು 23ಕ್ಕೆ. ಅಷ್ಟು ಕಡಿಮೆ ಕೊಟ್ಟರೂ ಏಳನೇ ದಿನಕ್ಕೆ ವಾಸಿಯಾಗದೆ ಉಳಿದ ಮಕ್ಕಳು ಹೆಚ್ಚಾಗಲಿಲ್ಲ. ಇದನ್ನು ತಾಯಿಗೆ ಹೇಳೋಕಾಗಲ್ಲ. ನಾನು ಟ್ಯಾಬನ್ನೇ ತಿರುಗಿಸಿ ತೋರಿಸ್ತೀನಿ: ‘ನೋಡು ತಂಗಿ, ಉಸಿರು 34, ಪಕ್ಕೆ ಸರಿ ಇದೆ, ಹಾಲು ಕುಡೀತಿದೆ.’ ಬಣ್ಣ ನೋಡಿದರೆ ಅರ್ಧ ಜನ ಒಪ್ಪುತ್ತಾರೆ. ಇನ್ನರ್ಧ ಜನ ಪೇಟೆಯ ಮೆಡಿಕಲ್ ಶಾಪಿಗೆ ಹೋಗ್ತಾರೆ, ಏನು ಮಾಡೋದು.

ಇನ್ನು ಟ್ಯಾಬ್‌ಗೆ ಮಲೆನಾಡು ಗೊತ್ತಿಲ್ಲ ಅನ್ನೋದು ನೆನಪಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು (ಉಣುಗು ಕಚ್ಚಿ ಬರುವ ಜ್ವರ) ನಾನು ನೋಡಿದ ಯಾವ ಟ್ಯಾಬ್ ಕೂಡ ಕೇಳಲ್ಲ. ಡಿಸೆಂಬರಿನಿಂದ ಮೇ ತನಕ ಜ್ವರದ ಮಗು ಬಂದರೆ ಪರದೆ ಬಿಟ್ಟು ನಾಲ್ಕು ಮಾತು ನೀವೇ ಕೇಳಿ: ಮನೆಯವರು ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದರಾ, ಮಗುವೂ ಹೋಗಿತ್ತಾ, ಮೈಮೇಲೆ ಉಣುಗು ಕಂಡಿತಾ, ಹತ್ತಿರ ಮಂಗ ಸತ್ತಿದೆಯಾ. ಹೌದು ಅಂದರೆ ಹಸಿರು ಪರದೆಯಿದ್ದರೂ ಡಾಕ್ಟರಿಗೆ ಹೇಳಿ.

ದೂರವೂ ಅದಕ್ಕೆ ಗೊತ್ತಿಲ್ಲ. ‘ಹೆಚ್ಚಾದರೆ ತಕ್ಷಣ ಬನ್ನಿ’ ಅಂತ ಬರೆದಿರುತ್ತೆ. ಕೊನೆ ಬಸ್ ನಾಲ್ಕೂವರೆಗೆ, ಮನೆ ಹಳ್ಳದಾಚೆ, ಜುಲೈ ತಿಂಗಳು. ಬರೋದು ಹೇಗೆ? ಅಂಥ ಮನೆಯ ಮಗು ಹಳದಿ ಇದ್ದರೂ ನಾನು ಸಂಜೆವರೆಗೆ ಇಟ್ಟುಕೊಂಡು ಮತ್ತೆ ಉಸಿರು ಎಣಿಸ್ತೀನಿ, ಅನುಮಾನವಿದ್ದರೆ ಡಾಕ್ಟರನ್ನು ಕೇಳಿ ಶಿವಮೊಗ್ಗಕ್ಕೆ ಕಳಿಸ್ತೀನಿ. ಟ್ಯಾಬ್ ‘ಏಕೆ?’ ಅಂತ ಕಾರಣ ಕೇಳುತ್ತೆ, ‘ಹಳ್ಳ’ ಅಂತ ಬರೀತೀನಿ. ನನ್ನ ನಿಯಮ ಇಷ್ಟೇ: ಪರದೆ ಹೇಳಿದ್ದಕ್ಕಿಂತ ಮೇಲಿನ ಬಣ್ಣಕ್ಕೆ ಒಯ್ಯೋದು ನನ್ನ ಕೈಯಲ್ಲಿದೆ, ಕೆಳಗಿನ ಬಣ್ಣಕ್ಕೆ ಇಳಿಸೋದು ಡಾಕ್ಟರನ್ನು ಕೇಳದೆ ಇಲ್ಲ.

ಕರೆಂಟಿನ ವಿಷಯ ಚಿಕ್ಕದು. ಬೆಳಗ್ಗೆ ಬಂದ ಕೂಡಲೇ ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿ. ನೆಟ್‌ವರ್ಕ್ ಇಲ್ಲದಿದ್ದರೂ ಟ್ಯಾಬ್ ನಡೆಯುತ್ತೆ, ಸಿಂಕ್ ಮಾತ್ರ ಗುಡ್ಡದ ತಿರುವಿಗೆ ಬಂದಾಗ ಆಗುತ್ತೆ. ಟ್ಯಾಬೇ ಕೆಟ್ಟು ನಿಂತಿತೋ, ಬೀರುವಿನ ಪುಸ್ತಕ ತೆಗೆಯಿರಿ. ಆದರೆ ಹತ್ತು ಮಕ್ಕಳನ್ನು ನೋಡಿ ಸಂಜೆ ಕೂತು ನೆನಪಿನ ಮೇಲೆ ತುಂಬೋದು ಬೇಡ. ಎಲ್ಲ ಮಕ್ಕಳ ಉಸಿರೂ 36 ಅಂತ ತುಂಬಿದ ಪಟ್ಟಿಯನ್ನು ನಾನು ನೋಡಿದ್ದೀನಿ.

ಕೊನೆಗೆ ‘ಮುಗಿಯಿತು’ ಅನ್ನೋ ಗುಂಡಿ ಬರುತ್ತೆ. ಒತ್ತುವ ಮುಂಚೆ ತಾಯಿಯ ಬಾಯಲ್ಲಿ ಕೇಳಿ: ‘ಯಾವಾಗ ವಾಪಸ್ ಬರ್ತೀಯ, ಹೇಳು ನೋಡಣ.’ ‘ಉಸಿರು ಜೋರಾದ್ರೆ, ಹಾಲು ಬಿಟ್ರೆ, ಜ್ವರ ಏರಿದ್ರೆ. ರಾತ್ರಿ ಆದ್ರೆ ಮೇಲಿನ ಮನೆಯವ್ರ ಜೀಪು ಇದೆ, ಕೇಳಿಟ್ಟಿದೀನಿ’ ಅಂದರೆ ಒತ್ತಿ.