ಚಾರ್ಟ್ ಬಿಡಿಸುವ ಕೆಲಸ ಆ್ಯಪ್‌ಗೆ, ಪ್ರಶ್ನೆ ಕೇಳುವ ಕೆಲಸ ಮಕ್ಕಳಿಗೆ

ಗ್ರಾಫ್ ಪಾಠ ಎಂದರೆ ಅರ್ಧ ಪೀರಿಯಡ್ಡು ಸ್ಕೇಲು, ಪೆನ್ಸಿಲು, ರಬ್ಬರಿನಲ್ಲೇ ಮುಗಿದುಹೋಗುತ್ತದೆ. ಅಕ್ಷ ಎಳೆದು, ಪ್ರಮಾಣ ಬರೆದು, ಕಂಬಗಳಿಗೆ ಬಣ್ಣ ತುಂಬುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. 'ಸರಿ, ಈ ಗ್ರಾಫ್ ಏನು ಹೇಳ್ತಿದೆ?' ಎಂದು ಕೇಳಲು ಹೊತ್ತೇ ಉಳಿಯುವುದಿಲ್ಲ. ಚಾರ್ಟ್ ಮಾಡುವ ಆ್ಯಪ್ ಉಳಿಸಿಕೊಡುವುದು ಈ ಹೊತ್ತನ್ನು. ಅದನ್ನು ಇನ್ನೂ ನಾಲ್ಕು ಬಣ್ಣಬಣ್ಣದ ಚಾರ್ಟ್ ಮಾಡಿಸಲು ಖರ್ಚು ಮಾಡಿದರೆ ಏನೂ ಸಿಗದು. ಯಾವ ಬಗೆಯ ಚಾರ್ಟ್, ಅಕ್ಷ ಎಲ್ಲಿಂದ ಶುರು, ಒಂದೊಂದು ಗುಂಪು ಎಷ್ಟು ಅಗಲ ಎನ್ನುವುದನ್ನೆಲ್ಲ ಆ್ಯಪ್ ನಮ್ಮನ್ನು ಕೇಳದೆ ತಾನೇ ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಸರಿಯಾ ಎಂದು ಮಕ್ಕಳು ಕೇಳತೊಡಗಿದರೆ ಗಣಿತ ಶುರುವಾಯಿತು ಎಂದರ್ಥ.

ಯಾವ ಆ್ಯಪ್?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಶೀಟ್ಸ್, ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಯಾವುದಾದರೂ ನಡೆಯುತ್ತದೆ. ಕ್ಯಾಲ್ಕ್ ಉಚಿತ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಸಮೀಕರಣಗಳ ಗ್ರಾಫ್ ಬೇಕಿದ್ದರೆ ಜಿಯೋಜೀಬ್ರಾ ಅಥವಾ ಡೆಸ್ಮೋಸ್ ಒಳ್ಳೆಯದು. ಅಕ್ಷವನ್ನು ಬದಲಿಸಲು ಬಿಡದ, ಬರೀ ಅಂದದ ಪೋಸ್ಟರ್ ಮಾಡಿಕೊಡುವ ಆ್ಯಪ್ ಮಾತ್ರ ಗಣಿತದ ತರಗತಿಗೆ ಬೇಡ. ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ದರೆ ಸಾಕು. ಎಲ್ಲರ ಕೈಯಲ್ಲೂ ಒಂದೊಂದು ಪರದೆ ಇರುವುದಕ್ಕಿಂತ ಎಲ್ಲರೂ ಒಂದೇ ಪರದೆ ನೋಡಿ ವಾದ ಮಾಡುವುದೇ ಮೇಲು ಎಂದು ನನ್ನ ಅನಿಸಿಕೆ.

ಅಂಕಿ ತರಗತಿಯಲ್ಲೇ ಹುಟ್ಟಲಿ

ಪುಸ್ತಕದ ಅಂಕಿಗಳಲ್ಲಿ ತಪ್ಪೇ ಇರುವುದಿಲ್ಲ, ಹಾಗಾಗಿ ಕಲಿಯಲು ಸಿಗುವುದೂ ಕಡಿಮೆ. ಮಕ್ಕಳೇ ಅಳೆಯಲಿ. ತೂಕ, ಪರೀಕ್ಷೆಯ ಅಂಕ, ಮನೆಯ ವಿಷಯ ಮಾತ್ರ ಬೇಡ, ಯಾರಿಗಾದರೂ ಮುಜುಗರವಾದೀತು. ಚೀಟಿಯಲ್ಲಿ ಹೆಸರು ಬರೆಸುವುದೂ ಬೇಡ.

ಶುರು ಮಾಡಲು ಒಳ್ಳೆಯ ಪ್ರಯೋಗವೊಂದಿದೆ. ಡಬ್ಬಿಯ ಮುಚ್ಚಳ, ನಾಣ್ಯ, ತಟ್ಟೆ, ಬಕೆಟ್ ಹೀಗೆ ಹತ್ತು ಹನ್ನೆರಡು ದುಂಡನೆಯ ವಸ್ತು ತರಿಸಿ. ಸುತ್ತಲೂ ದಾರ ಸುತ್ತಿ ಪರಿಧಿ ಅಳೆಯಲಿ, ಸ್ಕೇಲ್ ಇಟ್ಟು ವ್ಯಾಸ ಅಳೆಯಲಿ. ಶೀಟಿನ ಮೊದಲ ಸಾಲಿನಲ್ಲಿ ಎರಡು ತಲೆಬರಹ ಹಾಕಿ: 'ವ್ಯಾಸ (ಸೆಂ.ಮೀ.)', 'ಪರಿಧಿ (ಸೆಂ.ಮೀ.)'. ಕೆಳಗೆ ಬರೀ ಸಂಖ್ಯೆ. ಯಾರಾದರೂ ಒಳಗೆ '12 ಸೆಂ.ಮೀ.' ಎಂದು ಟೈಪ್ ಮಾಡಿದರೆ ಆ್ಯಪ್ ಅದನ್ನು ಸಂಖ್ಯೆ ಎಂದುಕೊಳ್ಳದೆ ಅಕ್ಷರ ಎಂದುಕೊಳ್ಳುತ್ತದೆ, ಚಾರ್ಟ್ ಕೆಡುತ್ತದೆ. ಚಾರ್ಟ್ ಬರ್ತಿಲ್ಲ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಮೊದಲು ಊಹೆ, ಆಮೇಲೆ ಬಟನ್

ಚಾರ್ಟ್ ಬಟನ್ ಒತ್ತುವ ಮುಂಚೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ಕೈಯಿಂದ ಒಂದು ಅಂದಾಜು ಚಿತ್ರ ಗೀಚಲಿ. ಚುಕ್ಕೆಗಳು ಎಲ್ಲಿ ಬಂದಾವು? ನೇರವಾಗಿ ಸಾಗುತ್ತವಾ, ಬಾಗುತ್ತವಾ? ಅಳತೆ ಬೇಡ, ಎರಡೇ ನಿಮಿಷ ಸಾಕು. ಈ ಹೆಜ್ಜೆ ಬಿಟ್ಟರೆ ಪರದೆಯ ಮೇಲೆ ಏನು ಬಂದರೂ ಮಕ್ಕಳು ಸುಮ್ನೆ ತಲೆಯಾಡಿಸುತ್ತಾರೆ.

ಈಗ ಎರಡೂ ಕಾಲಂ ಆರಿಸಿ, ಇನ್ಸರ್ಟ್ ಮೆನುವಿನಿಂದ ಚಾರ್ಟ್ ಹಾಕಿ, ಬಗೆ 'ಸ್ಕ್ಯಾಟರ್' (ಪ್ರತಿ ಜೋಡಿ ಅಳತೆಗೆ ಒಂದು ಚುಕ್ಕೆ) ಎಂದು ಬದಲಿಸಿ. ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಯಾವುದೋ ಒಂದು ಮಾತ್ರ ದೂರ ನಿಂತಿರುತ್ತದೆ ಅನ್ನಿ. ವ್ಯಾಸ 4, ಪರಿಧಿ 25. ಅಳಿಸಬೇಡಿ, ಆ ಗುಂಪನ್ನೇ ವಿಚಾರಿಸಿ. ಬಹುಶಃ ವ್ಯಾಸದ ಜಾಗದಲ್ಲಿ ತ್ರಿಜ್ಯ ಬರೆದಿರುತ್ತಾರೆ; 8 ಎಂದು ತಿದ್ದಿದ ತಕ್ಷಣ ಚುಕ್ಕೆ ಎಲ್ಲರ ಕಣ್ಣೆದುರೇ ಗೆರೆಗೆ ಜಿಗಿಯುತ್ತದೆ.

ಆಮೇಲೆ ಟ್ರೆಂಡ್‌ಲೈನ್ (ಚುಕ್ಕೆಗಳ ನಡುವೆ ಹಾಯುವ ನೇರ ಗೆರೆ) ಹಾಕಿ, ಸಮೀಕರಣ ತೋರಿಸುವ ಆಯ್ಕೆಗೆ ಟಿಕ್ ಮಾಡಿ. ಇಳಿಜಾರು (ಸಮೀಕರಣದಲ್ಲಿ x ಜೊತೆಗಿನ ಸಂಖ್ಯೆ) 3.1 ಅಥವಾ 3.2ರ ಆಸುಪಾಸಿನಲ್ಲಿ ಬರುತ್ತದೆ. ಪರಿಧಿ ಎಂದರೆ ವ್ಯಾಸದ ಪೈ ಪಟ್ಟು, ಹಾಗಾದರೆ 3.14 ಯಾಕೆ ಬರಲಿಲ್ಲ? ಗೆರೆ ಸೊನ್ನೆಯ ಮೂಲಕ ಹಾಯಬೇಕಿತ್ತಲ್ವಾ, ಯಾಕೆ ಸ್ವಲ್ಪ ಪಕ್ಕಕ್ಕೆ ಹೋಗಿದೆ? ದಾರ ಸಡಿಲವಿತ್ತು, ವ್ಯಾಸ ಸರಿಯಾಗಿ ನಡುವಿನಲ್ಲಿ ಅಳೆದಿರಲಿಲ್ಲ ಎಂಬ ಕಾರಣಗಳನ್ನು ಮಕ್ಕಳೇ ಹುಡುಕುತ್ತಾರೆ. ಪೈ ಬೆಲೆ, ನೇರ ಅನುಪಾತ, ಅಳತೆಯ ದೋಷ, ಮೂರೂ ಒಂದೇ ಚಾರ್ಟ್‌ನಲ್ಲಿ ಸಿಕ್ಕವು.

ಲೈನ್ ಚಾರ್ಟ್ ಮೋಸ ಮಾಡುವ ಜಾಗ

ಒಂದು ಸಸಿಯ ಎತ್ತರ ಅಳೆದಿದ್ದೀರಿ ಎಂದುಕೊಳ್ಳಿ. ಶುರುವಿನ ದಿನ 1 ಸೆಂ.ಮೀ., 2ನೇ ದಿನ 2, 4ನೇ ದಿನ 3, ನಡುವೆ ರಜೆ ಬಂದು 10ನೇ ದಿನ 6. ಎಕ್ಸೆಲ್ ಅಥವಾ ಕ್ಯಾಲ್ಕ್‌ನಲ್ಲಿ ಲೈನ್ ಚಾರ್ಟ್ ಮಾಡಿದರೆ ದಿನಗಳು ಬರೀ ಹೆಸರುಪಟ್ಟಿಯಂತೆ ಸಮ ದೂರದಲ್ಲಿ ಕೂರುತ್ತವೆ. ಕೊನೆಗೆ ಗೆರೆ ಸರ್ರನೆ ಮೇಲಕ್ಕೇರುತ್ತದೆ. ರಜೆಯಲ್ಲಿ ಸಸಿ ಜೋರಾಗಿ ಬೆಳೆಯಿತು ಎಂದೇ ಅನಿಸುತ್ತದೆ. ಅದೇ ಅಂಕಿಯನ್ನು ಸ್ಕ್ಯಾಟರ್‌ನಲ್ಲಿ ಹಾಕಿ. ನೆಟ್ಟಗಿನ ಗೆರೆ! ದಿನಕ್ಕೆ ಅರ್ಧ ಸೆಂಟಿಮೀಟರ್, ಅಷ್ಟೇ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಇಳಿಜಾರಿನ ಪಾಠ ಬೇರೆ ಮಾಡಬೇಕಾಗಿಲ್ಲ.

ಅಂಕಿ ಎಂಥದ್ದು ಎಂಬುದರ ಮೇಲೆ ಚಾರ್ಟ್ ಆರಿಸಬೇಕು ಎಂಬುದು ಹಳೆಯ ಮಾತೇ. ಸ್ಕಾಟಿಷ್ ಎಂಜಿನಿಯರ್ ವಿಲಿಯಂ ಪ್ಲೇಫೇರ್ 1786ರಲ್ಲಿ ಹಲವು ವರ್ಷಗಳ ವ್ಯಾಪಾರದ ಲೆಕ್ಕವನ್ನು ಗೆರೆಗಳಲ್ಲಿ ತೋರಿಸಿದ. ಸ್ಕಾಟ್‌ಲೆಂಡಿನದು ಮಾತ್ರ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು, ಅದಕ್ಕೆ ಕಂಬಗಳನ್ನು ಬಳಸಿದ. ಇವತ್ತಿನ ಬಾರ್ ಚಾರ್ಟ್ ಬೆಳೆದದ್ದು ಹೀಗೆ, ಅಂಕಿಯ ಕೊರತೆಯಿಂದ.

ನಾಡಿಬಡಿತದ ಹಿಸ್ಟೋಗ್ರಾಮ್

ಮಕ್ಕಳು 30 ಸೆಕೆಂಡು ನಾಡಿ ಎಣಿಸಿ, ಎರಡರಿಂದ ಗುಣಿಸಿ ಚೀಟಿಯಲ್ಲಿ ಬರೆಯಲಿ. ಯಾವ ಗುಂಪಿನಲ್ಲಿ ಎಷ್ಟು ಮಂದಿ ಎಂದು ಕಂಬಗಳಲ್ಲಿ ತೋರಿಸುವ ಹಿಸ್ಟೋಗ್ರಾಮ್ ಹಾಕಿ, ವರ್ಗಾಂತರ (ಒಂದೊಂದು ಗುಂಪಿನ ಅಗಲ) 1 ಎಂದು ಕೊಡಿ. ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆ 'ಬಕೆಟ್ ಸೈಜ್' ಎನ್ನುತ್ತಾರೆ, ಎಕ್ಸೆಲ್‌ನಲ್ಲಿ 'ಬಿನ್ ವಿಡ್ತ್'. 71, 73, 75ರ ಜಾಗವೆಲ್ಲ ಖಾಲಿ ಖಾಲಿ. ಯಾರ ನಾಡಿಯೂ ಬೆಸ ಸಂಖ್ಯೆಯಲ್ಲಿ ಬಡಿಯುವುದಿಲ್ಲವಾ? ಎರಡರಿಂದ ಗುಣಿಸಿದ್ದು ನೆನಪಾಗಲು ಸ್ವಲ್ಪ ಹೊತ್ತು ಬಿಡಿ.

ಈಗ 5 ಎಂದು ಬದಲಿಸಿ. 70ರಿಂದ 74ರ ಗುಂಪಿನಲ್ಲಿ 70, 72, 74 ಎಂದು ಮೂರು ಸಮಸಂಖ್ಯೆಗಳಿವೆ. 75ರಿಂದ 79ರಲ್ಲಿ 76, 78 ಎರಡೇ. ಹಾಗಾಗಿ ಕಂಬಗಳು ಒಂದು ಬಿಟ್ಟು ಒಂದು ಎತ್ತರವಾಗುವ ಸಾಧ್ಯತೆ ಇದೆ, ನಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. 4 ಅಥವಾ 10 ಕೊಟ್ಟರೆ ಪ್ರತಿ ಗುಂಪಿಗೂ ಸಮ ಪಾಲು ಸಿಗುತ್ತದೆ. ಒಂದು ನಿಮಿಷ ಓಡಿಸಿ ಮತ್ತೆ ಎಣಿಸಿದರೆ ಹೋಲಿಕೆಗೆ ಎರಡನೇ ಚಾರ್ಟ್ ಸಿದ್ಧ. ಸರಾಸರಿ, ಮಧ್ಯಾಂಕ ಎರಡನ್ನೂ ಅದರ ಮೇಲೆ ಗುರುತು ಮಾಡಿಸಿ.

ಪೈ ಚಾರ್ಟ್, ಕಂಬಗಳ ಬುಡ

ಪೈ ಚಾರ್ಟ್ ಬಗ್ಗೆ ಒಂದೇ ಎಚ್ಚರಿಕೆ. 40 ಮಕ್ಕಳನ್ನು 'ಯಾವ ಯಾವ ಆಟ ಆಡ್ತೀರಿ?' ಎಂದು ಕೇಳಿದಾಗ 24, 18, 12, 6 ಎಂಬ ಉತ್ತರ ಬಂತು ಎನ್ನಿ. ಒಟ್ಟು 60, ಯಾಕೆಂದರೆ ಕೆಲವರು ಎರಡು ಮೂರು ಆಟ ಹೇಳಿದ್ದಾರೆ. ಆ್ಯಪ್ ಚಕಾರ ಎತ್ತದೆ ಮೊದಲ ಆಟಕ್ಕೆ 40% ಎಂದು 144 ಡಿಗ್ರಿಯ ತುಂಡು ಕೊಡುತ್ತದೆ. ನಿಜಕ್ಕೂ ಅದನ್ನು ಆಡುವವರು 40ರಲ್ಲಿ 24 ಮಂದಿ, ಅಂದರೆ 60%. ಇಂಥ ಅಂಕಿಗೆ ಕಂಬಗಳೇ ಸರಿ.

ಕಂಬ ಹಾಕಿದಾಗ ಲಂಬ ಅಕ್ಷ ಎಲ್ಲಿಂದ ಶುರುವಾಗಿದೆ ನೋಡಿ. 72 ಮತ್ತು 76ರ ಕಂಬಗಳನ್ನು 70ರಿಂದ ಎಬ್ಬಿಸಿದರೆ ಒಂದು ಇನ್ನೊಂದರ ಮೂರು ಪಟ್ಟು ಕಾಣುತ್ತದೆ. ಅಕ್ಷದ ಸೆಟ್ಟಿಂಗ್‌ನಲ್ಲಿ ಕನಿಷ್ಠ ಬೆಲೆಯನ್ನು ಸೊನ್ನೆ ಮಾಡಿ, ವ್ಯತ್ಯಾಸ ಹುಡುಕಬೇಕಾಗುತ್ತದೆ.

ಮನೆಕೆಲಸಕ್ಕೆ ಒಂದು ತುಂಟ ಸವಾಲು ಕೊಡಬಹುದು. ಪ್ರತಿ ಗುಂಪೂ ಒಂದೇ ಅಂಕಿಪಟ್ಟಿಯಿಂದ ಎರಡು ಚಾರ್ಟ್ ಮಾಡಿ ತರಲಿ, ಒಂದು ನೇರವಾದದ್ದು, ಒಂದು ಕಣ್ಕಟ್ಟಿನದು. ಒಂದೂ ಸಂಖ್ಯೆ ತಪ್ಪಿರಬಾರದು. ಯಾವುದರಲ್ಲಿ ಏನು ತಿರುಚಿದ್ದಾರೆ ಎಂದು ಬೇರೆ ಗುಂಪು ಹಿಡಿಯಬೇಕು. ಹಿಡಿದರೆ ಅಂಕ ಅವರಿಗೆ, ಹಿಡಿಯದಿದ್ದರೆ ಮಾಡಿದವರಿಗೆ.